ಮಣಿಕಟ್ಟಿನ ಗೆರೆ

ಅವ್ವಣ್ಣ ಗೌಂಡಿಯ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಹೊರಗಿನವರಿಗೆ ಅಂಗೈ ತೋರಿಸಬಾರದು. ಅದು ದೇವರಿಗೆ ಹೊತ್ತ ಹರಕೆಯಲ್ಲ, ಯಾವ ಸ್ವಾಮಿಗಳೂ ಹೇಳಿಕೊಟ್ಟದ್ದಲ್ಲ, ಹೊಟ್ಟೆ ಕಲಿಸಿದ್ದು. ಇಪ್ಪತ್ತೇಳು ವರ್ಷದ ಹಿಂದೆ ಯಾದಗಿರಿ ಕಡೆಯಿಂದ ಪುಣೆಗೆ ಬಂದಿಳಿದ ಹೊಸತರಲ್ಲಿ ಅವನು ಮಜೂರ್ ಅಡ್ಡಾದಲ್ಲಿ, ಅಂದರೆ ದಿನಗೂಲಿಯವರು ಬೆಳಿಗ್ಗೆ ಬಂದು ನಿಲ್ಲುವ ಚೌಕದಲ್ಲಿ, ಕೈ ಆಡಿಸುತ್ತ ಮಾತಾಡಿದ್ದ. ಸಿಮೆಂಟು ತಿಂದು ಬಿರಿದ ಆ ಕೈಗಳನ್ನು ನೋಡಿ, ಆಳು ಆರಿಸಲು ಬಂದಿದ್ದ ಮುಕಾದಮ, ಇವನು ಎರಡು ದಿನಕ್ಕೇ ಮಲಗುತ್ತಾನೆ ಎಂದು ಮರಾಠಿಯಲ್ಲಿ ಹೇಳಿ ಪಕ್ಕದವನನ್ನು ಕರೆದುಕೊಂಡು ಹೋದ. ಅವತ್ತಿನಿಂದ ಅವ್ವಣ್ಣ ಅಡ್ಡಾದಲ್ಲಿ ನಿಂತರೆ ಎರಡೂ ಕೈ ಬಗಲಲ್ಲಿ. ಬೆಳಿಗ್ಗೆ ಎದ್ದು ಕೈಗೆ ಔಡಲೆಣ್ಣೆ ತಿಕ್ಕುವುದು, ಕೈ ಬಗಲಿಗೆ ಸೇರಿಸುವುದು, ಕೆಲಸಕ್ಕೆ ಹೊರಡುವುದು.

“ಕೈ ತೋರ್ಸಬಾರ್ದು, ಕೆಲಸ ತೋರ್ಸಬೇಕು” ಎಂದು ಅವನು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. ಅವನ ಒಬ್ಬಳೇ ಮಗಳು ಶೀತಲ ಆ ಮಾತನ್ನು ಕೇಳುತ್ತಲೇ ಬೆಳೆದವಳು. ನನ್ನನ್ನು ಕೇಳಿದರೆ, ಕೆಲವು ಬುದ್ಧಿಮಾತುಗಳು ಅಪ್ಪನ ಕಾಲಕ್ಕೆ ಅನ್ನ ಕೊಡುತ್ತವೆ, ಮಗಳ ಕಾಲಕ್ಕೆ ಕುತ್ತಿಗೆಗೆ ಬರುತ್ತವೆ. ಆದರೆ ನನ್ನನ್ನು ಯಾರು ಕೇಳಿದ್ದರು?

ಮಾರ್ಕೆಟ್ ಯಾರ್ಡಿನ ಹಿಂದಿನ ವಸ್ತಿಯಲ್ಲಿ ಒಂದು ಕೋಣೆ, ಮೇಲೆ ತಗಡು. ತಾಯಿ ಭೀಮವ್ವ ಯಾರ್ಡಿನಲ್ಲಿ ಉಳ್ಳಾಗಡ್ಡಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಆ ಓಣಿಯ ಕನ್ನಡದ ಮನೆಗಳಲ್ಲಿ ನರ್ಸಿಂಗ್ ಓದಿ ಪಾಸಾದವಳು ಶೀತಲ ಒಬ್ಬಳೇ. ಡಿಸೆಂಬರಿನಲ್ಲಿ ಊರೊಳಗಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದಾಗ ಭೀಮವ್ವ ಇಡೀ ಓಣಿಗೆ ಪೇಢೆ ಹಂಚಿದಳು. ಮೊದಲ ಆರು ತಿಂಗಳು ಪರೀಕ್ಷೆಯ ಕಾಲ, ಜೂನ್ ಒಂದಕ್ಕೆ ಕಾಯಂ ಎಂದು ಕಾಗದದಲ್ಲಿತ್ತು. ಸೇರುವ ದಿನ ತುಂಬಿಕೊಟ್ಟ ಫಾರ್ಮಿನಲ್ಲಿ ‘ಯಾವುದಾದರೂ ಅಲರ್ಜಿ ಇದೆಯೇ’ ಎಂಬ ಸಾಲಿನ ಮುಂದೆ ಅವಳು ‘ಇಲ್ಲ’ ಎಂದು ಬರೆದಳು. ಓದುವಾಗ ಒಂದೆರಡು ಸಲ ಕೈ ತುರಿಸಿದ್ದು ನೆನಪಿತ್ತು. ತುರಿಕೆಯೂ ಒಂದು ರೋಗವೇನು ಎಂದುಕೊಂಡು ಮುಂದಿನ ಸಾಲಿಗೆ ಹೋದಳು.

ಮೊದಲ ಪಗಾರದಲ್ಲಿ ಅವಳು ಅಪ್ಪನಿಗೆ ಕೊಂಡದ್ದು ಒಂದು ಜೊತೆ ದಪ್ಪನೆಯ ರಬ್ಬರ್ ಗ್ಲೋವ್ಸು. ಸಿಮೆಂಟು ಕೈಗೆ ತಾಗಬಾರದು, ಇದು ಹಾಕಿಕೊಳ್ಳದೆ ಕರಣಿ ಮುಟ್ಟಬೇಡ ಎಂದು ಆಣೆ ಮಾಡಿಸಿಕೊಂಡಳು. ಅವ್ವಣ್ಣನಿಗೆ ಅದೆಷ್ಟು ಹೆಮ್ಮೆ! ಅಡ್ಡಾದಲ್ಲಿ ಈಗ ಬಗಲಿನಿಂದ ಕೈ ಹೊರಬಂತು, ಆದರೆ ಗ್ಲೋವ್ಸಿನ ಒಳಗೆ. ನನ್ನ ಮಗಳು ದವಾಖಾನಿಯಾಗ ಅದಾಳ, ಇದು ಅಕಿ ಕೊಡ್ಸಿದ್ದು ಎಂದು ಕೇಳದವರಿಗೂ ಹೇಳುತ್ತಿದ್ದ.

ಇತ್ತ ವಾರ್ಡಿನಲ್ಲಿ ಶೀತಲಳ ಕೈ ದಿನಕ್ಕೆ ನಲವತ್ತು ಸಲ ಗ್ಲೋವ್ಸಿನೊಳಗೆ ಹೋಗಿ ಬರುತ್ತಿತ್ತು. ಬಿಳಿಯ ತೆಳು ರಬ್ಬರಿನವು, ಒಳಗೆ ಪುಡಿ ಸವರಿದವು. ಫೆಬ್ರವರಿಯ ಹೊತ್ತಿಗೆ ಬೆರಳ ಸಂದಿಯಲ್ಲಿ ಸಣ್ಣ ಗುಳ್ಳೆಗಳೆದ್ದವು. ಮಾರ್ಚಿನಲ್ಲಿ ಅಂಗೈ ಕೆಂಪಾಗಿ ಸಿಪ್ಪೆ ಏಳತೊಡಗಿತು. ನೋಡಿದವರಿಗೆ ಮೊದಲು ಕಾಣಬೇಕಾದದ್ದು ಒಂದೇ. ಆ ಕೆಂಪು ಮಣಿಕಟ್ಟಿನ ತನಕ ಬಂದು, ಸುಣ್ಣದ ದಾರ ಹಿಡಿದು ಗುರುತು ಹಾಕಿದ ಹಾಗೆ ನೇರವಾಗಿ ನಿಂತುಬಿಟ್ಟಿತ್ತು. ಅದರ ಮೇಲೆ ತೋಳು ಸ್ವಚ್ಛ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರೆ. ಆದರೆ ಅಂಗೈಯನ್ನೇ ಮುಚ್ಚಿಟ್ಟುಕೊಂಡವಳಿಗೆ ಕನ್ನಡಿಯಾದರೂ ಏನು ಮಾಡೀತು.

ಹೌದು, ಮುಚ್ಚಿಟ್ಟುಕೊಂಡಳು. ಊಟದ ಹೊತ್ತಿನಲ್ಲಿ ಎಲ್ಲರೂ ಕೈ ತೊಳೆದು ಬಂದ ಮೇಲೆ ತಾನೊಬ್ಬಳೇ ಹೋಗುತ್ತಿದ್ದಳು. ಡಬ್ಬಿಯಲ್ಲಿದ್ದದ್ದನ್ನು ಚಮಚದಲ್ಲಿ ತಿನ್ನುತ್ತಿದ್ದಳು. ಹಿಂದಿನ ವರ್ಷ ಸೊಂಟನೋವು ಎಂದ ಹೊಸ ನರ್ಸೊಬ್ಬಳನ್ನು ಆರು ತಿಂಗಳಿಗೇ ಮನೆಗೆ ಕಳಿಸಿದ್ದರು ಎಂಬ ಮಾತು ಅವಳ ಕಿವಿಗೆ ಬಿದ್ದಿತ್ತು. ಜೂನ್ ಒಂದು ದಾಟಲಿ, ಆಮೇಲೆ ನೋಡಿಕೊಂಡರಾಯಿತು ಎಂದು ಅವಳ ಲೆಕ್ಕ.

ಮನೆಯಲ್ಲಿ ಭೀಮವ್ವನಿಂದ ಮುಚ್ಚಿಡಲು ಆಗಲಿಲ್ಲ. ಒಂದು ಸಂಜೆ ರೊಟ್ಟಿ ಬಡಿಯಲು ಕೂತ ಮಗಳ ಕೈ ಹಿಡಿದು ನೋಡಿ, ನಿಮ್ಮಪ್ಪಂದೇ ಕೈ ಬಂದಾವಲ್ಲವ್ವ ನಿನಗ ಎಂದಳು. ಗೌಂಡಿಯ ಹೆಂಡತಿಗೆ ಗೊತ್ತಿದ್ದದ್ದು ಒಂದೇ ಮದ್ದು. ದಿನಾ ಬೆಳಿಗ್ಗೆ ಮಗಳ ಎರಡೂ ಕೈಗೆ ಬೆಚ್ಚಗಿನ ಔಡಲೆಣ್ಣೆ ತಿಕ್ಕಿ, ಇದರ ಮ್ಯಾಲೆ ನಿನ್ನ ಗ್ಲೋವ್ಸ್ ಹಾಕ್ಕೋ, ಏನೂ ಆಗಂಗಿಲ್ಲ ಎಂದು ಕಳಿಸುತ್ತಿದ್ದಳು. ಸಿಮೆಂಟಿಗೆ ಅದು ಸರಿ. ರಬ್ಬರಿಗೆ? ಎಣ್ಣೆ ತಾಗಿದರೆ ರಬ್ಬರು ಮೆತ್ತಗಾಗುತ್ತದೆ, ಅದರೊಳಗಿನದು ಸುಲಭವಾಗಿ ಚರ್ಮಕ್ಕೆ ಇಳಿಯುತ್ತದೆ. ತಾಯಿ ಪ್ರೀತಿಯಿಂದ ಉರಿಗೆ ಎಣ್ಣೆ ಹೊಯ್ಯುತ್ತಿದ್ದಳು, ಮಗಳು ನಂಬಿಕೆಯಿಂದ ಕೈ ಒಡ್ಡುತ್ತಿದ್ದಳು. ಎಣ್ಣೆ ತಾಗಿದ ಗ್ಲೋವ್ಸು ಬೇಗ ಹರಿಯತೊಡಗಿದಾಗ ಶೀತಲ ಒಂದರ ಮೇಲೊಂದು ಎರಡು ಜೊತೆ ಹಾಕಿಕೊಂಡಳು. ಓದಿದವಳು, ಪಾಸಾದವಳು! ಇದನ್ನು ನೆನೆದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ಏಪ್ರಿಲಿನಲ್ಲಿ ಬೇರೆ ಸೂಚನೆಗಳು ಬಂದವು. ಯಾರ್ಡಿನಿಂದ ತಾಯಿ ತಂದ ಬಾಳೆಹಣ್ಣು ತಿಂದ ಸ್ವಲ್ಪ ಹೊತ್ತಿಗೆ ಶೀತಲಳ ತುಟಿ ದಪ್ಪಗಾಗಿ ಗಂಟಲು ಕೆರೆಯಿತು. ಹಣ್ಣಿಗೆ ಏನೋ ಔಷಧಿ ಹೊಡೆದಿದ್ದಾರೆ ಎಂದು ಭೀಮವ್ವ ವ್ಯಾಪಾರಿಗೆ ಬೈದಳು. ಇನ್ನೊಂದು ದಿನ ಗ್ಲೋವ್ಸಿನ ಹೊಸ ಪೆಟ್ಟಿಗೆ ತೆರೆದಾಗ ಹಾರಿದ ಪುಡಿಗೆ ಸಾಲಾಗಿ ಹನ್ನೆರಡು ಸೀನು ಬಂದು, ಎದೆಯೊಳಗೆ ಸಿಳ್ಳೆಯ ಸದ್ದಾಯಿತು. ಅದು ಕೈಯಿಂದ ಹೊರಟು ಬಾಯಿಗೆ ಬಂದಿತ್ತು, ಬಾಯಿಂದ ಎದೆಗೆ. ಶೀತಲ ಹೆದರಿದಳು.

ಆಸ್ಪತ್ರೆಯಲ್ಲೇ ಚರ್ಮದ ಡಾಕ್ಟರಿದ್ದರೂ ಅಲ್ಲಿ ತೋರಿಸುವಂತಿರಲಿಲ್ಲ. ರಜೆಯ ದಿನ ಲೋಕಲ್ ರೈಲು ಹಿಡಿದು ತಳೇಗಾಂವ ದಾಭಾಡೆಗೆ ಹೋದಳು, ಅಲ್ಲಿ ತನ್ನ ಗುರುತು ಯಾರಿಗೂ ಇಲ್ಲವೆಂದು. ಅಲ್ಲಿನ ಚರ್ಮದ ಡಾಕ್ಟರ್ ಜ್ಯೋತ್ಸ್ನಾ ಉಡುಪಿ ಕಡೆಯವರು, ತಂದೆ ಪುಣೆಯಲ್ಲಿ ಹೋಟೆಲು ಇಟ್ಟವರು. ಹೆಸರು, ಊರು ಕೇಳಿ ಅವರು ಕನ್ನಡಕ್ಕೆ ಹೊರಳಿದರು. ಕೈ ನೋಡಿದರು, ಮಣಿಕಟ್ಟಿನ ಗೆರೆ ನೋಡಿದರು, ಬಾಳೆಹಣ್ಣಿನ ಕತೆ ಕೇಳಿದರು. ಆಮೇಲೆ ರಕ್ತದ ಪರೀಕ್ಷೆ ಮಾಡಿಸಿ ಮುಂದಿನ ವಾರ ಕರೆಸಿದರು.

“ಇದು ರಬ್ಬರಿನದ್ದು,” ಎಂದರು. “ರಬ್ಬರ್ ಮರದ ಹಾಲು ಉಂಟಲ್ಲ, ಅದು ನಿನ್ನ ಮೈಗೆ ಆಗುವುದಿಲ್ಲ. ಈಗ ಕೈಯಲ್ಲಿ ಉಂಟು. ಇನ್ನು ಮುಂದೆ ಗಂಟಲಿಗೆ ಹಿಡಿದರೆ ಐದು ನಿಮಿಷವೂ ಸಿಗ್ಲಿಕ್ಕಿಲ್ಲ. ನಾನು ಹೆದರಿಸುವುದಲ್ಲ ಮಾರಾಯ್ತಿ, ಇದ್ದದ್ದು ಹೇಳುವುದು.”

ಕೆಲಸ ಬಿಡಬೇಕೇ ಎಂದು ಶೀತಲ ಕೇಳಿದಳು. ಬಿಡಬೇಕಿಲ್ಲ, ರಬ್ಬರಿಲ್ಲದ ನೀಲಿ ಗ್ಲೋವ್ಸು ಬರುತ್ತವೆ, ನಿಮ್ಮ ಆಸ್ಪತ್ರೆಯವರು ಕೊಡಬೇಕು, ಪುಡಿ ಇರುವ ಬಿಳಿಯವನ್ನು ನಿನ್ನ ಸುತ್ತ ಯಾರೂ ಬಳಸಬಾರದು ಎಂದರು. ಬಲೂನು ಬೇಡ, ಅದೂ ರಬ್ಬರೇ; ರಬ್ಬರಿನ ಹಾಲು ಆಗದ ಬಹಳ ಮಂದಿಗೆ ಬಾಳೆಹಣ್ಣೂ ಆಗುವುದಿಲ್ಲ, ಅದೂ ಬೇಡ, ಎಣ್ಣೆಯಂತೂ ಬೇಡವೇ ಬೇಡ. ಇಷ್ಟನ್ನೂ ಒಂದು ಪತ್ರದಲ್ಲಿ ಬರೆದು ಸಹಿ ಹಾಕಿ ಕೊಟ್ಟು, ನಾಳೆಯೇ ಕೊಡು ಎಂದು ಎರಡು ಸಲ ಹೇಳಿದರು.

ಪತ್ರ ಪರ್ಸಿನೊಳಗೆ ಹೋಯಿತು. ನಾಳೆ ಬಂತು, ನಾಡಿದ್ದು ಬಂತು, ಪತ್ರ ಪರ್ಸಿನಲ್ಲೇ ಉಳಿಯಿತು.

ಯಾಕೆಂದರೆ ಅದನ್ನು ಕೊಡಬೇಕಾದದ್ದು ವಾರ್ಡಿನ ಇನ್‌ಚಾರ್ಜ್ ಗೋದಾ ಸಿಸ್ಟರಿಗೆ. ಇಪ್ಪತ್ತೆಂಟು ವರ್ಷದ ಅನುಭವ, ನಕ್ಕದ್ದನ್ನು ಕಂಡವರಿಲ್ಲ. ಹೊಸ ರೋಗಿ ಬಂದರೆ ಮೊದಲು ಅಲರ್ಜಿ ಕೇಳಬೇಕು, ಇದ್ದರೆ ಕೈಗೆ ಕೆಂಪು ಪಟ್ಟಿ ಕಟ್ಟಬೇಕು, ಮರೆತವರಿಗೆ ಅವರ ಹತ್ತಿರ ಕ್ಷಮೆಯಿಲ್ಲ. ಈ ಕೆಲಸದಲ್ಲಿ ಶೀತಲಳಷ್ಟು ಚೊಕ್ಕಟ ಯಾರೂ ಇಲ್ಲ ಎಂದು ಅವರೇ ಒಮ್ಮೆ ಎಲ್ಲರೆದುರು ಹೇಳಿದ್ದರು. ಅಂಥವರ ಮುಂದೆ ಹೋಗಿ, ನಾನೇ ಫಾರ್ಮಿನಲ್ಲಿ ‘ಇಲ್ಲ’ ಎಂದು ಬರೆದಿದ್ದೇನೆ ಎಂದು ಹೇಗೆ ಹೇಳುವುದು? ಎರಡು ಸಲ ಅವರ ಮೇಜಿನ ತನಕ ಹೋಗಿ, ಥರ್ಮಾಮೀಟರಿನ ಸೆಲ್ಲು ಕೇಳಿ ತಂದಳು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಎಣ್ಣೆ ನಿಲ್ಲಿಸಿದಳು, ಬಾಳೆಹಣ್ಣು ಬಿಟ್ಟಳು, ಔಷಧಿ ಅಂಗಡಿಯಿಂದ ಅಲರ್ಜಿಯ ಮಾತ್ರೆ ತಂದು ದಿನಾ ಒಂದು ನುಂಗಿದಳು. ಬಿಳಿ ಗ್ಲೋವ್ಸು ಮಾತ್ರ ಬಿಡಲಾಗಲಿಲ್ಲ.

ಅಪ್ಪನಿಗೆ ಹೇಳಬೇಕೆಂದು ಒಂದು ರಾತ್ರಿ ಊಟದ ಹೊತ್ತಿಗೆ ಬಾಯಿ ತೆರೆದಳು. ಆದರೆ ಅವ್ವಣ್ಣ ಅವತ್ತು ಯಾಕೋ ಸುಸ್ತಾಗಿದ್ದ, ಕೆಮ್ಮುತ್ತಿದ್ದ. ಕಟ್ಟಡದ ಧೂಳು ಎಂದ. ಮಗಳು ಮಾತು ನುಂಗಿಕೊಂಡು ನೀರು ಕೊಟ್ಟಳು. ಅವನು ಕೈಗೆ ಟವೆಲು ಸುತ್ತಿಕೊಂಡೇ ಉಂಡು ಎದ್ದದ್ದನ್ನು ಅವಳು ನೋಡಿದಳು, ಏನೂ ಕೇಳಲಿಲ್ಲ. ತನ್ನ ಕೈಯನ್ನು ತಾನೂ ಸೆರಗಿನಡಿ ಇಟ್ಟುಕೊಂಡಿದ್ದಳು.

ಮೇ ಹನ್ನೆರಡು ಬಂತು. ಅವತ್ತು ನರ್ಸುಗಳ ದಿನ. ಮೂರನೆಯ ಮಹಡಿಯ ಸಭಾಕೋಣೆಯನ್ನು ಅಲಂಕರಿಸುವುದು ಹೊಸಬರ ಪಾಲಿನ ಕೆಲಸ, ಅದು ಆ ಆಸ್ಪತ್ರೆಯ ರೂಢಿ. ಮೇಜಿನ ಮೇಲೆ ಬಲೂನಿನ ನಾಲ್ಕು ಪೊಟ್ಟಣ ಕಂಡಾಗ ಶೀತಲ ಒಳಗೆ ಇಟ್ಟ ಹೆಜ್ಜೆ ಹಿಂದೆ ತೆಗೆದಳು. ತಾನು ರಂಗೋಲಿ ಹಾಕುತ್ತೇನೆ ಎಂದು ಬಾಗಿಲಾಚೆ ಹೋಗಿ ಕೂತಳು. ಒಳಗೆ ನಗು, ಊದುವ ಸದ್ದು. ಕಮಲ ಹಾಕಿ, ದೀಪ ಹಾಕಿ, ಬಣ್ಣ ತುಂಬುತ್ತ ಅವಳು ಒಂದು ಗಂಟೆ ಕಳೆದಳು. ಊದದಿದ್ದರೆ ಆಯಿತಲ್ಲ ಎಂದುಕೊಂಡಳು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ!

ಮಧ್ಯಾಹ್ನ ಭಾಷಣವಾಯಿತು, ದೀಪ ಹಚ್ಚಿದ್ದಾಯಿತು, ಕೇಕು ಕೊಯ್ದದ್ದಾಯಿತು. ಎಸಿಗೆಂದು ಕಿಟಕಿ ಬಾಗಿಲೆಲ್ಲ ಮುಚ್ಚಿದ್ದರು. ಹೊಸಬರಲ್ಲಿ ಉತ್ತಮ ನರ್ಸ್ ಎಂದು ಶೀತಲಳ ಹೆಸರು ಕರೆದರು. ಅವಳು ಮುಂದೆ ಹೋಗಿ, ಕೈ ಮಡಚಿ ಅಂಗೈ ಒಳಗೆ ಮಾಡಿಕೊಂಡು ಪ್ರಮಾಣಪತ್ರ ತೆಗೆದುಕೊಂಡಳು. ಆಗಲೇ ಯಾರೋ ಹುಮ್ಮಸ್ಸಿನಲ್ಲಿ ಪಿನ್ನು ಹಿಡಿದು ಗೋಡೆಯ ಬಲೂನು ಒಡೆಯತೊಡಗಿದರು. ಒಂದು, ಎರಡು, ಆಮೇಲೆ ಎಲ್ಲರೂ ಕೈ ಹಾಕಿ ಐವತ್ತು ಅರವತ್ತು ಬಲೂನು ಪಟಪಟನೆ ಒಡೆದರು. ಪ್ರತಿ ಬಲೂನಿನಿಂದ ಚಿಟಿಕೆ ಬಿಳಿ ಪುಡಿ ಹಾರಿತು. ಎಸಿಯ ಗಾಳಿ ಅದನ್ನು ಕೋಣೆಯ ತುಂಬ ಆಡಿಸಿತು.

ಅವಳು ಬಾಗಿಲ ಕಡೆ ನಾಲ್ಕು ಹೆಜ್ಜೆ ಇಟ್ಟಳು. ಮೊದಲು ಕಣ್ಣು ಉರಿಯಿತು, ಆಮೇಲೆ ಕಿವಿಯೊಳಗೆ ತುರಿಕೆ, ಆಮೇಲೆ ನಾಲಿಗೆ ಬಾಯಿ ತುಂಬುವಷ್ಟು ದಪ್ಪವಾದ ಹಾಗಾಯಿತು. ಸಿಸ್ಟರ್ ಎಂದು ಕರೆಯಲು ಹೋದರೆ ಗಂಟಲಲ್ಲಿ ಸಿಳ್ಳೆ ಮಾತ್ರ ಬಂತು. ತಾನೇ ಹಾಕಿದ ರಂಗೋಲಿಯ ಮೇಲೆ ಕುಸಿದಳು.

ಓಡಿ ಬಂದರು, ಎಲ್ಲರೂ ನರ್ಸುಗಳೇ ಅಲ್ಲವೇ! ಪಕ್ಕದ ವಾರ್ಡಿನ ಮಂಚಕ್ಕೆ ಎತ್ತಿ ಹಾಕಿದರು. ಗೋದಾ ಸಿಸ್ಟರ್ ಬಂದವರೇ ಅಭ್ಯಾಸದಂತೆ ಪೆಟ್ಟಿಗೆಗೆ ಕೈ ಹಾಕಿ ಬಿಳಿ ಗ್ಲೋವ್ಸು ಎಳೆದುಕೊಂಡರು. ಜೊತೆಗಿದ್ದ ಇಬ್ಬರು ನರ್ಸುಗಳೂ ಹಾಗೇ ಮಾಡಿದರು. ಆರು ಬಿಳಿ ಕೈಗಳು ಅವಳ ಮುಖದ ಮೇಲೆ ಬಾಗಿದವು. ಒಂದು ಗಲ್ಲ ಹಿಡಿಯಿತು, ಒಂದು ಬಾಯಿ ತೆರೆಸಿತು. ಇವಳಿಗೆ ಅಲರ್ಜಿ ಏನಾದರೂ ಇದೆಯೇ ಎಂದು ಗೋದಾ ಸಿಸ್ಟರ್ ಮರಾಠಿಯಲ್ಲಿ ಕೂಗಿ ಕೇಳಿದರು. ಯಾರೋ ಫೈಲು ನೋಡಿ ಬಂದು ಹೇಳಿದರು, ಇಲ್ಲ, ಏನೂ ಇಲ್ಲ ಎಂದು ಅವಳೇ ಬರೆದಿದ್ದಾಳೆ.

ಬಿಸಿಲಿನ ಝಳಕ್ಕೆ ತಲೆ ಸುತ್ತಿರಬೇಕು, ಕೇಕು ಗಂಟಲಿಗೆ ಸಿಕ್ಕಿರಬೇಕು ಎಂದೆಲ್ಲ ಮಾತು ನಡೆದಿತ್ತು. ಶೀತಲಳಿಗೆ ಎಲ್ಲವೂ ಕೇಳಿಸುತ್ತಿತ್ತು. ಐದು ನಿಮಿಷವೂ ಸಿಗ್ಲಿಕ್ಕಿಲ್ಲ ಎಂದ ಡಾಕ್ಟರ ಮಾತೂ ಕೇಳಿಸುತ್ತಿತ್ತು. ತುಟಿಯ ಮೇಲಿದ್ದ ಬಿಳಿ ಬೆರಳುಗಳನ್ನು ಕಿತ್ತೆಸೆಯಲು ನೋಡಿದಳು. ಹೆದರಿಕೆಗೆ ಹೀಗಾಡುತ್ತಿದ್ದಾಳೆ, ಹಿಡಿದುಕೊಳ್ಳಿ ಎಂದರು. ಇನ್ನೆರಡು ಬಿಳಿ ಕೈ ಬಂದು ಅವಳ ಭುಜ ಒತ್ತಿದವು. ಕಣ್ಣಿನ ಅಂಚು ಕಪ್ಪಾಗತೊಡಗಿತು.

ಆಗ ಅವಳು ಆ ಆಸ್ಪತ್ರೆ ಸೇರಿದಂದಿನಿಂದ ಮಾಡದ್ದನ್ನು ಮಾಡಿದಳು. ಮುಚ್ಚಿದ್ದ ಎರಡೂ ಮುಷ್ಟಿ ಬಿಚ್ಚಿ, ಅಂಗೈಗಳನ್ನು ಗೋದಾ ಸಿಸ್ಟರ್ ಅವರ ಮುಖದೆದುರು ಎತ್ತಿ ಹಿಡಿದಳು.

ಬಿರಿದ ಚರ್ಮ, ಸಿಪ್ಪೆ, ರಸಿಕೆ. ಮತ್ತೆ ಮಣಿಕಟ್ಟಿನಲ್ಲಿ ಆ ನೇರ ಗೆರೆ. ಗೋದಾ ಸಿಸ್ಟರ್ ಒಂದು ಕ್ಷಣ ನೋಡಿದರು, ಆಮೇಲೆ ತಮ್ಮ ಕೈಯ ಗ್ಲೋವ್ಸಿನ ಅಂಚು ನೋಡಿಕೊಂಡರು. ಎರಡೂ ಒಂದೇ ಜಾಗದಲ್ಲಿದ್ದವು. ಗ್ಲೋವ್ಸ್ ತೆಗೀರಿ, ಎಲ್ಲರೂ ತೆಗೀರಿ, ದೂರ ಎಸೀರಿ ಎಂದು ಅವರು ಕೂಗಿದ್ದು ಕೆಳಗಿನ ಮಹಡಿಗೂ ಕೇಳಿಸಿತಂತೆ. ಬರಿಗೈಯಲ್ಲಿ ಅವಳ ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಚುಚ್ಚಿದರು. ಮೊದಲನೆಯದು ಸಾಲದೆ ಎರಡನೆಯದೂ ಬೇಕಾಯಿತು.

ಸಂಜೆ ಅವಳಿಗೆ ಪೂರ್ತಿ ಎಚ್ಚರವಾದಾಗ ಕೈಗೆ ಕೆಂಪು ಪಟ್ಟಿ ಬಿದ್ದಿತ್ತು. ಮಂಚದ ಪಕ್ಕದಲ್ಲಿ ಗೋದಾ ಸಿಸ್ಟರ್ ಕೂತಿದ್ದರು, ಕೈಗೆ ನೀಲಿ ಗ್ಲೋವ್ಸು. ಮಡಿಲಲ್ಲಿ ಶೀತಲಳ ಪರ್ಸಿನಿಂದ ತೆಗೆದ ಪತ್ರ. ಬೈಯುತ್ತಾರೆ ಎಂದು ಶೀತಲ ಕಣ್ಣು ಮುಚ್ಚಿಕೊಂಡಳು. ಅವರು ಬೈಯಲಿಲ್ಲ. ನೀಲಿ ಗ್ಲೋವ್ಸಿನ ಹನ್ನೊಂದು ಪೆಟ್ಟಿಗೆ ಎರಡು ವರ್ಷದಿಂದ ಸ್ಟೋರಿನ ಮೇಲಿನ ಅಟ್ಟದಲ್ಲಿವೆ, ಕೇಳಿದ್ದರೆ ಅದೇ ದಿನ ಇಳಿಸಿ ಕೊಡುತ್ತಿದ್ದೆ ಎಂದರು. ಸೋಮವಾರ ಆಫೀಸಿನವರು ಕರೆದು ಫಾರ್ಮಿನ ಬಗ್ಗೆ ವಿಚಾರಿಸುತ್ತಾರೆ, ಏನಾಗುತ್ತದೋ ನಾನು ಹೇಳಲಾರೆ ಎಂದರು. ಆಮೇಲೆ, ಇನ್ನೊಂದು ಸಲ ಹೀಗಾದರೆ ಇವತ್ತಿಗಿಂತ ಜೋರಾಗಿ ಬರುತ್ತದೆ, ಅದು ನಿನಗೂ ಗೊತ್ತು ಎಂದು ಸೇರಿಸಿದರು. ಹನ್ನೊಂದು ಪೆಟ್ಟಿಗೆ! ಆ ಹುಡುಗಿ ಗೋಡೆಯ ಕಡೆ ತಿರುಗಿ ಅತ್ತಳು.

ಸುದ್ದಿ ಮುಟ್ಟಿದ ಕೂಡಲೇ ಅವ್ವಣ್ಣ ಕಟ್ಟಡದಿಂದ ನೇರ ಬಂದಿದ್ದ. ತಲೆಯಲ್ಲಿ ಸಿಮೆಂಟು, ಸೊಂಟಕ್ಕೆ ಸಿಕ್ಕಿಸಿದ ರಬ್ಬರ್ ಗ್ಲೋವ್ಸು. ಮೂರು ಮಹಡಿ ಹತ್ತಿದ್ದಕ್ಕೆ ಏದುಸಿರು ಬಿಡುತ್ತಿದ್ದ. ಮಗಳ ಗಲ್ಲ ಮುಟ್ಟಲು ಕೈ ಚಾಚಿದ. ಆ ಕೈಯಿಂದ ರಬ್ಬರಿನ ವಾಸನೆ ಬಂತು. ಶೀತಲ ಹಾಸಿಗೆಯಲ್ಲಿ ಹಿಂದಕ್ಕೆ ಸರಿದಳು. ಗೋದಾ ಸಿಸ್ಟರ್ ಎದ್ದು ಅಡ್ಡ ನಿಂತು, ಆ ಗ್ಲೋವ್ಸನ್ನು ಹೊರಗೆ ಬಿಸಾಡಿ ಕೈ ತೊಳೆದು ಬನ್ನಿ ಎಂದು ಮರಾಠಿಯಲ್ಲಿ ಹೇಳಿದರು.

ಅವನಿಗೆ ಅರ್ಥವಾದದ್ದು ಬೇರೆ. ಅಷ್ಟು ವರ್ಷದ ಮೇಲೆ ಮತ್ತೊಮ್ಮೆ ಯಾರೋ ತನ್ನ ಕೈ ನೋಡಿ ಬೇಡವೆಂದರು ಎಂದುಕೊಂಡ. ಮುಖ ಸಣ್ಣದು ಮಾಡಿಕೊಂಡು ಹೋಗಿ, ಗ್ಲೋವ್ಸು ಎಸೆದು, ಬಹಳ ಹೊತ್ತು ಸಾಬೂನು ಹಚ್ಚಿ ತೊಳೆದು, ಎರಡೂ ಕೈ ಬಗಲಲ್ಲಿಟ್ಟುಕೊಂಡು ಬಾಗಿಲಲ್ಲೇ ನಿಂತ. ಶೀತಲ ಒಡೆದ ದನಿಯಲ್ಲಿ ಎಲ್ಲವನ್ನೂ ಹೇಳಿದಳು. ರಬ್ಬರು, ಪತ್ರ, ಪೆಟ್ಟಿಗೆಗಳು, ತಾನು ಮುಚ್ಚಿಟ್ಟದ್ದು. ಅವ್ವಣ್ಣ ತಲೆ ಎತ್ತದೆ ಕೇಳಿದ. ಮಣಿಕಟ್ಟಿನ ಗೆರೆಯ ಮಾತು ಬಂದಾಗ ಮಾತ್ರ ಅವನ ಬಗಲಿನ ಕೈ ಇನ್ನಷ್ಟು ಒಳಗೆ ಸರಿಯಿತು.

ಅದನ್ನು ಶೀತಲ ನೋಡಿದಳು. ಟವೆಲು ಸುತ್ತಿಕೊಂಡು ಉಂಡದ್ದು ನೆನಪಾಯಿತು, ಕೆಮ್ಮು ನೆನಪಾಯಿತು.

“ಅಪ್ಪಾ, ಕೈ ತೋರ್ಸು,” ಎಂದಳು.

ಅವನು ಏನಿಲ್ಲ ಬಿಡವ್ವ ಎಂದ. ಅವಳು ಮತ್ತೆ ಕೇಳಿದಳು. ಮೂರನೆಯ ಸಲಕ್ಕೆ ಅವನು ಹತ್ತಿರ ಬಂದು, ಎರಡೂ ಕೈಗಳನ್ನು ಬಿಳಿ ಚಾದರದ ಮೇಲೆ ಅಂಗಾತ ಇಟ್ಟ. ಹಳೆಯ ಸಿಮೆಂಟಿನ ಬಿರುಕುಗಳು ಮೊಣಕೈ ತನಕ ಇಲ್ಲೊಂದು ಅಲ್ಲೊಂದು ಇದ್ದವು, ಅವು ಅವಳಿಗೆ ಗೊತ್ತಿದ್ದವು. ಹೊಸದು ಬೇರೆ ಇತ್ತು. ಬೆರಳ ತುದಿಯಿಂದ ಹಸಿ ಕೆಂಪು ಹೊರಟು, ಗ್ಲೋವ್ಸಿನ ಅಂಚು ಬರುವ ಜಾಗಕ್ಕೆ ಬಂದು, ದಾರ ಹಿಡಿದ ಹಾಗೆ ನೇರವಾಗಿ ನಿಂತಿತ್ತು.

“ಎಷ್ಟು ದಿನ ಆತು?”

“ಎರಡು ತಿಂಗಳಾತು. ಹದಿನೈದು ದಿನದಿಂದ ಅದನ್ನ ಹಾಕ್ಕೊಂಡ್ರ ದಮ್ಮೂ ಹತ್ತಲತ್ತಾದ.” ಅವ್ವಣ್ಣ ಮಗಳ ಮುಖ ನೋಡಲಿಲ್ಲ. “ನೀ ಮೊದಲ ಪಗಾರದಾಗ ಕೊಡ್ಸಿದ್ದವ್ವ. ಹ್ಯಾಂಗ ಹೇಳ್ಲಿ?”

ಶೀತಲ ಆ ಕೈಗಳನ್ನು ನೋಡುತ್ತಲೇ ಇದ್ದಳು. ಆಮೇಲೆ ಗೋದಾ ಸಿಸ್ಟರ್ ಕಡೆ ತಿರುಗಿ, ಇನ್ನೊಂದು ಕೆಂಪು ಪಟ್ಟಿ ಕೊಡಿ ಎಂದು ಮರಾಠಿಯಲ್ಲಿ ಕೇಳಿದಳು. ಸಿಸ್ಟರ್ ತಂದುಕೊಟ್ಟರು. ಅವಳು ಎದ್ದು ಕೂತು, ಅದನ್ನು ಅಪ್ಪನ ಮಣಿಕಟ್ಟಿಗೆ, ಆ ಗೆರೆಗಿಂತ ಸ್ವಲ್ಪ ಮೇಲೆ ಕಟ್ಟಿದಳು.